ಬಾಗಿಲಲ್ಲಿ ನಿಂತ ಮೇಜು

ಬಲಗಾಲಿನ ಹೆಬ್ಬೆರಳಿಗೆ ತೊಟ್ಟಿಲ ಹಗ್ಗ ಸುತ್ತಿಕೊಂಡು, ಎರಡು ಕೈಯಲ್ಲೂ ಫೋನು ಹಿಡಿದು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಯುದ್ಧ ಮಾಡುವ ಮನುಷ್ಯನನ್ನು ನೀವು ಬಹುಶಃ ನೋಡಿರಲಾರಿರಿ. ಮೊನ್ನೆ ಮೊನ್ನೆಯವರೆಗೂ ನಮ್ಮ ನಡುಮನೆಗೆ ಮಧ್ಯಾಹ್ನದ ಹೊತ್ತು ಬಂದಿದ್ದರೆ ನೋಡಬಹುದಿತ್ತು. ಬಾಣಂತನಕ್ಕೆ ಬಂದ ಮಗಳ ಕೂಸಿಗಾಗಿ ಅಲ್ಲಿ ತೊಟ್ಟಿಲು ಇಟ್ಟಿದ್ದೆವು. ಫೋನು ಚಾರ್ಜಿಗೆ ಹಾಕುವ ಜಾಗವೂ ಆ ತೊಟ್ಟಿಲ ಹಿಂದಿನ ಗೋಡೆಯಲ್ಲೇ ಇತ್ತು. ಹೀಗಾಗಿ ಮೊಮ್ಮಗಳ ನಿದ್ದೆಯೂ ನನ್ನ ಯುದ್ಧವೂ ಒಂದೇ ಗೋಡೆಯ ಆಶ್ರಯದಲ್ಲಿ ನಡೆಯಬೇಕಾಯಿತು. ಹುಳುಮನೆಯಲ್ಲಿ ರೇಷ್ಮೆಹುಳುಗಳಿಗೆ ಬೆಳಗಿನ ಸೊಪ್ಪು ಹಾಕಿ ಬಂದರೆ ಮತ್ತೆ ಸಂಜೆಯ ಸೊಪ್ಪಿನವರೆಗೆ ನನಗೆ ಬಿಡುವು. ಆ ಬಿಡುವಿನಲ್ಲಿ ಕಾಲು ಶಾಂತಿಯನ್ನೂ ಕೈ ಯುದ್ಧವನ್ನೂ ನೋಡಿಕೊಳ್ಳುತ್ತಿದ್ದವು.

ಈ ಯುದ್ಧದಲ್ಲಿ ನನ್ನ ಜೊತೆಗಾರರು ನಮ್ಮ ಬೀಗರು, ಅಂದರೆ ಮಗಳು ರೂಪಾಳ ಮಾವ, ರಾಯದುರ್ಗದ ತಿಪ್ಪೇಸ್ವಾಮಿಯವರು. ಜೀನ್ಸ್ ಪ್ಯಾಂಟು ಹೊಲಿಸುವ ಕಸುಬು ಅವರದು, ಮನೆಯ ಮುಂದಿನ ಶೆಡ್ಡಿನಲ್ಲೇ ಹೊಲಿಗೆ ಯಂತ್ರಗಳು. ನಿಶ್ಚಿತಾರ್ಥದ ದಿನ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು, ಮಳೆಯ ವಿಚಾರ ಮುಗಿಸಿ, ರೇಷ್ಮೆಗೂಡಿನ ದರದ ವಿಚಾರ ಮುಗಿಸಿ, ಇನ್ನೇನೂ ಉಳಿಯದೆ ಎದುರಿನ ಗೋಡೆಯನ್ನು ಜೊತೆಯಾಗಿ ನೋಡುತ್ತಿದ್ದಾಗ, ಅಳಿಯ ಕನಿಕರಪಟ್ಟು ಇಬ್ಬರ ಫೋನಿಗೂ ಒಂದು ಗೇಮು ಹಾಕಿಕೊಟ್ಟ. ಆಮೇಲೆ ಆ ಗೋಡೆಯನ್ನು ನಾವು ಮತ್ತೆ ನೋಡಲಿಲ್ಲ.

ಬೀಗತನ ಎಂದರೆ ನಮ್ಮ ಕಡೆ ಜೀವಮಾನದ ಮರ್ಯಾದೆ. ಬೀಗರು ಕೂರುವ ಮುಂಚೆ ಕೂರುವಂತಿಲ್ಲ, ಅವರು ಏಳುವ ಮುಂಚೆ ಏಳುವಂತಿಲ್ಲ, ಅವರಿಗಿಂತ ಮೊದಲು ಬಾಗಿಲು ದಾಟುವುದಂತೂ ಕೂಡದು. ಎರಡು ಕಡೆಯವರೂ ಇದನ್ನೇ ಪಾಲಿಸುವುದರಿಂದ ಬೀಗರು ಬೀಗರು ಸೇರಿದ ಕಡೆ ಎಲ್ಲರೂ ಬಹಳ ಹೊತ್ತು ನಿಂತೇ ಇರುತ್ತಾರೆ. ಈ ಶಿಸ್ತನ್ನು ನಾವು ಗೇಮಿನೊಳಕ್ಕೂ ತೆಗೆದುಕೊಂಡು ಹೋದೆವು. ಗುಂಡು ಹಾರುತ್ತಿರುವಾಗ ಇಯರ್‌ಫೋನಿನಲ್ಲಿ ತಿಪ್ಪೇಸ್ವಾಮಿಯವರ ದನಿ ಬರುತ್ತಿತ್ತು: "ಬೀಗರ, ನಿಮ್ಮ ಬೆನ್ನ ಹಿಂದ ಒಬ್ಬಾಂವ ಬಂದು ನಿಂತಾನ್ರಿ. ತೊಂದ್ರಿ ಇಲ್ಲಂದ್ರ ಸ್ವಲ್ಪ ಹಿಂದಕ್ಕ ತಿರುಗ್ತೀರೇನ್ರಿ?" ಈ ವಾಕ್ಯ ಮುಗಿಯುವಷ್ಟರಲ್ಲಿ ಬೆನ್ನ ಹಿಂದಿನವನು ನನ್ನನ್ನು ಮುಗಿಸಿರುತ್ತಿದ್ದ. ನಾವಿಬ್ಬರೂ ಆ ಗೇಮಿನಲ್ಲಿ ಶತ್ರುಗಳಿಗಿಂತ ಹೆಚ್ಚಾಗಿ ಸೌಜನ್ಯದಿಂದಲೇ ಸತ್ತಿದ್ದೇವೆ.

ಮೊಮ್ಮಗಳು ಹುಟ್ಟಿದ ಮೇಲೆ ಇನ್ನೊಂದು ತೊಡಕು ಸೇರಿತು. ಆ ಗೇಮಿನಲ್ಲಿ ಫೋನನ್ನು ಓರೆ ಮಾಡಿ ಗುರಿಯಿಡಬೇಕು. ಫೋನು ಅಲುಗಿದರೆ ಬಂದೂಕೂ ಅಲುಗುತ್ತದೆ. ಕಾಲು ತೊಟ್ಟಿಲು ತೂಗುತ್ತಿದ್ದರೆ ಮೈ ತೂಗುತ್ತದೆ, ಮೈ ತೂಗಿದರೆ ಕೈ. "ಬೀಗರ, ನಿಮ್ಮ ಬಂದೂಕು ಯಾಕ್ರಿ ಹಿಂಗ ತೂಗಾಡ್ತೈತಿ?" ಎಂದು ಅವರು ಕೇಳಿದರು. "ಮಗೀನ ಮಲಗಿಸ್ತಾ ಇದೀನಿ ಬೀಗರೇ," ಎಂದೆ. ಅವರು, "ಹಂಗಾರ ತೂಗ್ರಿ, ಇಲ್ಲಿ ನಾ ನೋಡ್ಕೊಂತೀನಿ," ಎಂದರು. ಅಂದಿನಿಂದ ನಾನು ತೂಗುವ ಬಂದೂಕು ಹಿಡಿದು ಗೇಮಿನೊಳಗಿನ ಮನೆಯೊಂದರ ಮೂಲೆಯಲ್ಲಿ ನಿಲ್ಲುತ್ತಿದ್ದೆ, ಅವರು ಬಾಗಿಲಲ್ಲಿ ಕಾವಲು ಇರುತ್ತಿದ್ದರು.

ಈ ಗೇಮು ಮಾಡಿದವರು ಎಲ್ಲೋ ಹಿಮ ಬೀಳುವ ದೇಶದ ಒಂದು ಸ್ಟುಡಿಯೊದವರು. ನಮ್ಮಲ್ಲಿ ಸ್ಟುಡಿಯೊ ಎಂದರೆ ಮದುವೆಯ ಫೋಟೊ ತೆಗೆಯುವ ಅಂಗಡಿ. ಇವರು ಅಂಥವರಲ್ಲ, ದ್ವೀಪಗಳನ್ನೇ ಮಾಡುವವರು. ವರ್ಷ ವರ್ಷವೂ ಅವರ ಯುದ್ಧದ ದ್ವೀಪ ದೊಡ್ಡದಾಗುತ್ತಿತ್ತು, ಹಡಗು ಬಂತು, ವಿಮಾನ ಬಂತು, ಬಿರುಗಾಳಿ ಬಂತು. ಆದರೆ ನಾನು ಅವರ ಅಭಿಮಾನಿಯಾದದ್ದು ಅವುಗಳಿಗಾಗಿ ಅಲ್ಲ. ಸುಟ್ಟುಹೋದ ಒಂದು ಮನೆಯ ಹಿತ್ತಿಲಲ್ಲಿ ಒಂದು ಬಾವಿ ಇತ್ತು, ರಾಟೆ ಇತ್ತು, ಹಗ್ಗ ಇತ್ತು. ಸುಮ್ಮನೆ ಮುಟ್ಟಿ ನೋಡಿದರೆ ಕೊಡ ಕೆಳಗಿಳಿದು ನೀರು ತುಂಬಿಕೊಂಡು ಬಂತು. ಆ ನೀರಿನಿಂದ ಗೆಲ್ಲುವಂತಿರಲಿಲ್ಲ, ಗಾಯ ವಾಸಿಯಾಗುತ್ತಿರಲಿಲ್ಲ. ಯುದ್ಧಭೂಮಿಯಲ್ಲಿ ಯಾವನೋ ಒಬ್ಬ ನೀರು ಸೇದಬಹುದು ಎಂದು ಯಾರೋ ಯೋಚಿಸಿ, ಆ ಒಬ್ಬನಿಗಾಗಿ ರಾಟೆ ತಿರುಗುವ ಸದ್ದನ್ನೂ ಮಾಡಿಟ್ಟಿದ್ದರು. ಬೀಗರೂ ನಾನೂ ಎಷ್ಟೋ ಮಧ್ಯಾಹ್ನ ಗುಂಡಿನ ಸದ್ದಿನ ನಡುವೆ ಸರದಿಯಂತೆ ಆ ಬಾವಿಯಲ್ಲಿ ನೀರು ಸೇದಿದ್ದೇವೆ. ಮೊದಲು ಯಾರು ಸೇದಬೇಕು ಎಂಬುದರಲ್ಲಿ ಕೆಲವು ಸಲ ಪ್ರಾಣ ಹೋಗಿದೆ.

ಹೀಗಿರುವಾಗ ಕಷ್ಟ ಬಂದದ್ದು ಗೇಮಿನ ಹೊರಗೆ. ಮೊದಲ ಬಾಣಂತನ ತವರಿನಲ್ಲಿ. ಐದನೇ ತಿಂಗಳಲ್ಲಿ ಗಂಡನ ಮನೆಯವರು ಬಂದು ತಾಯಿ ಮಗುವನ್ನು ಕರೆದುಕೊಂಡು ಹೋಗುವುದು ರೂಢಿ. ಅದರಂತೆ ಬೀಗರೂ ಬೀಗಿತ್ತಿಯವರೂ ಬಂದರು. ಎಲೆಯ ಮುಂದೆ ಕೂತಾಗ ನನ್ನ ಹೆಂಡತಿ, "ಮಗೀಗೆ ನೆಗಡಿ ಆಗೈತೆ, ಗಾಳಿಗೆ ಒಯ್ಯೋದು ಬ್ಯಾಡ, ಇನ್ನೊಂದಷ್ಟು ದಿವ್ಸ ಇಲ್ಲೇ ಇರ್ಲಿ," ಎಂದಳು. ನೆಗಡಿ ಇದ್ದದ್ದು ನಿಜ, ಆದರೆ ಅಷ್ಟು ದೊಡ್ಡದಲ್ಲ. ದೊಡ್ಡದಾಗಿದ್ದದ್ದು ಮಗುವನ್ನು ಬಿಟ್ಟುಕೊಡಲಾರದ ನಮ್ಮ ಸಂಕಟ. ಬೀಗಿತ್ತಿಯವರು, "ನಮ್ಮ ಮನಿಗೂ ಗ್ವಾಡಿ ಅದಾವ್ರಿ," ಎಂದರು. ಅನ್ನದ ಮೇಲಿನ ಮಜ್ಜಿಗೆಗೆ ಇಬ್ಬರೂ ಕೈಯೊಡ್ಡಲಿಲ್ಲ, ಎದ್ದರು. ಬಾಗಿಲಲ್ಲಿ ತಿಪ್ಪೇಸ್ವಾಮಿಯವರು ಕೈ ಮುಗಿದು, "ನೀವು ಹೇಳಿ ಕಳಿಸ್ರಿ, ಬರ್ತೀವಿ," ಎಂದರು. ನಾನೂ ಕೈ ಮುಗಿದು, "ನೀವ್ ಬನ್ನಿ, ಕಳುಸ್ತೀವಿ," ಎಂದೆ. ಎರಡೂ ಮರ್ಯಾದೆಯ ಮಾತುಗಳೇ, ಹುಡುಕಿದರೂ ಒಂದು ಕೆಟ್ಟ ಪದ ಸಿಗುವುದಿಲ್ಲ. ಆದರೆ ನಾವು ಹೇಳಿ ಕಳಿಸುವುದನ್ನು ಅವರೂ, ಅವರು ಬರುವುದನ್ನು ನಾವೂ ಕಾಯತೊಡಗಿದ ಮೇಲೆ, ನೆಗಡಿ ವಾಸಿಯಾಯಿತು, ಐದನೇ ತಿಂಗಳು ಕಳೆಯಿತು, ಆರನೆಯದರಲ್ಲಿ ಹೊರಡಿಸಬಾರದು ಎಂದು ಅದೂ ಕಳೆಯಿತು, ರೂಪಾ ಮಾತ್ರ ನಡುಮನೆಯಲ್ಲೇ ಉಳಿದಳು. ಅಳಿಯ ಫೋನಿನಲ್ಲಿ ಮಗುವಿನ ಮುಖ ನೋಡುತ್ತಿದ್ದ. ಮಗು ಫೋನನ್ನೇ ಅಪ್ಪ ಎಂದುಕೊಂಡು ಅದನ್ನು ಬಾಯಿಗೆ ಹಾಕಿಕೊಳ್ಳಲು ಕಲಿಯಿತು.

ಆಶ್ಚರ್ಯವೆಂದರೆ, ಅಷ್ಟಾದರೂ ಯುದ್ಧ ನಿಲ್ಲಲಿಲ್ಲ. ಮಧ್ಯಾಹ್ನವಾದರೆ ಇಬ್ಬರೂ ದ್ವೀಪದಲ್ಲಿ ಇಳಿಯುತ್ತಿದ್ದೆವು. "ಎಡಕ್ಕ ಒಬ್ಬ ಅದಾನ್ರಿ," "ನೋಡ್ದೆ ಬೀಗರೇ," ಇಷ್ಟೇ ಮಾತು. ಮಗುವಿನ ಬಗ್ಗೆ ಅವರು ಕೇಳುತ್ತಿರಲಿಲ್ಲ, ಕೇಳದೆ ನಾನು ಹೇಳುತ್ತಿರಲಿಲ್ಲ. ಬಂದೂಕು ತೂಗುತ್ತಿದ್ದರೆ ಮಾತ್ರ ಅವರು ಸುಮ್ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಅದೊಂದು ಎಳೆಯಲ್ಲಿ ನಮ್ಮ ಎರಡು ಮನೆ ನೇತಾಡುತ್ತಿದ್ದವು.

ಆ ಎಳೆಯನ್ನೂ ಕತ್ತರಿಸುವ ಸುದ್ದಿ ಹಿಮದ ದೇಶದಿಂದ ಬಂತು. ದೊಡ್ಡದನ್ನು ಮಾಡಿ ಮಾಡಿ ಸಾಕಾಗಿದೆ, ದ್ವೀಪವನ್ನು ಮುಚ್ಚುತ್ತೇವೆ, ನಾವು ಕೆಲವೇ ಜನ ಸೇರಿ ಒಂದು ಸಣ್ಣ ಗೇಮು ಮಾಡಿದ್ದೇವೆ, ಮನಸ್ಸಿದ್ದರೆ ಆಡಿ ನೋಡಿ ಎಂಬ ಅರ್ಥದ ಪ್ರಕಟಣೆ. ಅಭಿಮಾನಿಗಳ ಪುಟದಲ್ಲಿ ಸೂತಕ ಕವಿಯಿತು. ಇವರ ಕಥೆ ಮುಗಿಯಿತು, ಆನೆ ಮಾಡುತ್ತಿದ್ದವರು ಇಲಿ ಮಾಡಿದ್ದಾರೆ ಎಂದು ದೇಶ ದೇಶದವರು ಬರೆದರು. ನನಗೆ ಸಿಟ್ಟು ಬಂತು. ರೇಷ್ಮೆಹುಳು ಹಣ್ಣಾಗುವಾಗ, ಅಂದರೆ ಗೂಡು ಕಟ್ಟುವ ಮುಂಚೆ, ಸೊಪ್ಪು ತಿನ್ನುವುದು ಬಿಡುತ್ತದೆ, ಮೈ ಕುಗ್ಗುತ್ತದೆ, ನಿನ್ನೆಯವರೆಗೆ ಬೆರಳುದ್ದ ಕೊಬ್ಬಿದ್ದದ್ದು ಇಂದು ಗಿಡ್ಡವಾಗಿ ತಲೆಯೆತ್ತಿ ಕೂತಿರುತ್ತದೆ. ಹೊಸಬರು ಹುಳುವಿಗೆ ರೋಗ ಬಂತೆಂದು ಹೆದರುತ್ತಾರೆ. ಆದರೆ ನೂಲು ಬಿಡುವುದು ಆ ಕುಗ್ಗಿದ ಹುಳುವೇ. ಇಷ್ಟನ್ನೂ ನನಗೆ ಬಂದ ಇಂಗ್ಲಿಷಿನಲ್ಲಿ ಆ ಪುಟದಲ್ಲಿ ಬರೆದೆ. ಯಾರೋ ಒಬ್ಬರು, ಈ ಹುಳು ಯಾವ ಗೇಮಿನಲ್ಲಿ ಬರುತ್ತದೆ ಎಂದು ಕೇಳಿದರು. ಇನ್ಯಾರೂ ಏನೂ ಕೇಳಲಿಲ್ಲ.

ದ್ವೀಪ ಮುಚ್ಚಿದ ಮಾರನೆಯ ದಿನ ಸಣ್ಣ ಗೇಮನ್ನು ಫೋನಿಗೆ ಹಾಕಿಕೊಂಡೆ. ಬೀಗರನ್ನು ಕರೆಯುವುದೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ, ತಿಪ್ಪೇಸ್ವಾಮಿ ನಿಮ್ಮೊಡನೆ ಆಡಬಯಸುತ್ತಾರೆ ಎಂಬ ಸೂಚನೆ ಪರದೆಯ ಮೇಲೆ ಮೂಡಿತು. ನಾನು ಒಪ್ಪಿದೆ. ಅದರಲ್ಲಿ ಬಂದೂಕಿಲ್ಲ, ಶತ್ರುವಿಲ್ಲ, ಅಂಕವಿಲ್ಲ. ಬೆಟ್ಟದ ತಪ್ಪಲಿನ ಒಂದು ಪುಟ್ಟ ಊರು. ಇಬ್ಬರು ಗುಂಡುಮುಖದ ಮನುಷ್ಯರು. ಅವರ ನಡುವೆ ಒಂದು ಉದ್ದನೆಯ ಮರದ ಮೇಜು. ಇಬ್ಬರೂ ಎರಡು ತುದಿ ಹಿಡಿದು, ಫೋನನ್ನು ಓರೆಯಾಗದಂತೆ ಸಂಭಾಳಿಸಿಕೊಂಡು, ಅದನ್ನು ಓಣಿಗಳಲ್ಲಿ ಹೊತ್ತು ಒಂದು ಮನೆಯೊಳಗೆ ಇಡಬೇಕು. ಅಷ್ಟೇ ಗೇಮು. ಮಾತಾಡುವ ಸೌಲಭ್ಯವನ್ನು ಅವರು ಇಟ್ಟಿರಲಿಲ್ಲ, ತಲೆಯಾಡಿಸುವುದಕ್ಕೆ ಒಂದು ಗುಂಡಿ ಮಾತ್ರ ಇತ್ತು. ನಾನು ಹಗುರಾದೆ, ಮಾತಾಡಬೇಕಾದ ಜಾಗವೇ ಇಲ್ಲದಿದ್ದರೆ ಮಾತು ಬಿಟ್ಟವರು ಎನಿಸಿಕೊಳ್ಳುವ ಭಯವೂ ಇರುವುದಿಲ್ಲ.

ಓಣಿ ಸುಸೂತ್ರವಾಗಿ ದಾಟಿದೆವು. ಮೆಟ್ಟಿಲಲ್ಲಿ ಒಂದೆರಡು ಸಲ ಬಿದ್ದು, ಪರಸ್ಪರ ತಲೆಯಾಡಿಸಿ, ಎದ್ದೆವು. ಕೊನೆಗೆ ಮನೆಯ ಬಾಗಿಲು ಬಂತು. ಮೇಜು ಅಡ್ಡಡ್ಡಲಾಗಿ ಹೋಗುವುದಿಲ್ಲ, ಒಬ್ಬರು ಮೊದಲು ಒಳಗೆ ಹೋಗಬೇಕು. ಬೀಗರು ನಿಂತರು. ನಾನೂ ನಿಂತೆ. ಅವರು ತಲೆಯಾಡಿಸಿದರು, ಅಂದರೆ ನೀವು ನಡೆಯಿರಿ. ನಾನು ತಲೆಯಾಡಿಸಿದೆ, ಅಂದರೆ ಎಲ್ಲಾದರೂ ಉಂಟೆ, ನೀವೇ ನಡೆಯಿರಿ. ಹಿಮದ ದೇಶದವರು ಮೇಜಿನ ತೂಕ, ಮೆಟ್ಟಿಲಿನ ಎತ್ತರ, ಓಣಿಯ ತಿರುವು ಎಲ್ಲವನ್ನೂ ಕಷ್ಟಪಟ್ಟು ಲೆಕ್ಕ ಹಾಕಿದ್ದರು. ಬೀಗರು ಬೀಗರು ಸೇರಿ ಈ ಗೇಮು ಆಡಿಯಾರು ಎಂದು ಮಾತ್ರ ಅವರಿಗೆ ಹೊಳೆದಿರಲಿಕ್ಕಿಲ್ಲ ಎಂದುಕೊಂಡೆ. ನೆರಳು ಈ ಗೋಡೆಯಿಂದ ಆ ಗೋಡೆಗೆ ಸರಿಯಿತು. ಗೇಮಿನ ಬೆಕ್ಕೊಂದು ಬಂದು ನಮ್ಮನ್ನು ನೋಡಿ ಹೋಯಿತು. ನಾವು ತಲೆಯಾಡಿಸುತ್ತಲೇ ಇದ್ದೆವು.

ಮಗುವಿಗೆ ಹಾಲು ಕುಡಿಸಿ ಎದ್ದ ರೂಪಾ ನನ್ನ ಹಿಂದೆ ಬಂದು ನಿಂತು ಫೋನು ನೋಡಿದಳು. "ಇದ್ಯಾಕಪ್ಪ ಹಿಂಗೆ ನಿಂತವ್ರೆ?" ಎಂದು ಕೇಳಿದಳು. ಆ ಕಡೆ ಅವಳ ಮಾವನವರಿದ್ದಾರೆ, ಅವರು ಮೊದಲು ಹೋಗಲಿ ಎಂದು ಕಾಯುತ್ತಿದ್ದೇನೆ ಎಂದು ವಿವರಿಸಿದೆ. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಆ ಟೇಬಲ್‌ನ ಯಾರೂ ಏನೂ ಕೇಳೋಂಗಿಲ್ವಾ?" ಎಂದು ಕೇಳಿ, ಒಣಹಾಕಿದ್ದ ಮಗುವಿನ ಬಟ್ಟೆ ತರಲು ಹಿತ್ತಿಲಿಗೆ ಹೋದಳು. ಅವಳು ಅಳುಮುಖದವಳಲ್ಲ, ಅತ್ತಿದ್ದರೆ ಸಮಾಧಾನ ಮಾಡಿ ಮತ್ತೆ ಗೇಮಿಗೆ ಮರಳಬಹುದಿತ್ತು. ಅವಳು ಬಟ್ಟೆ ಮಡಿಸುವ ಸದ್ದು ಕೇಳುತ್ತಾ ನಾನು ಬಾಗಿಲಲ್ಲಿ ನಿಂತಿದ್ದೆ.

ಆಗ ಗೇಮಿನಲ್ಲಿ ಒಂದು ಸಂಗತಿ ನಡೆಯಿತು. ಆ ಮನೆಯ ಕಿಟಕಿ ತೆರೆಯಿತು. ಒಬ್ಬ ಮುದುಕಿ ಹೊರಗೆ ಇಣುಕಿ, ನಮ್ಮಿಬ್ಬರನ್ನೂ ನೋಡಿ, ಒಳಗೆ ಹೋಗಿ, ಬಾಗಿಲ ಪಕ್ಕದಿಂದ ಹೊರಬಂದು, ನಾವು ಹಿಡಿದು ನಿಂತಿದ್ದ ಮೇಜಿನ ಮೇಲೆ ಹಬೆಯಾಡುವ ಎರಡು ಬಟ್ಟಲು ಇಟ್ಟು ಮತ್ತೆ ಒಳಗೆ ಹೋದಳು. ಒಂದು ಬಟ್ಟಲು ಅವರ ಕಡೆ, ಒಂದು ನನ್ನ ಕಡೆ. ಅದರಿಂದ ಬಾಗಿಲು ಅಗಲವಾಗಲಿಲ್ಲ, ನಮಗೇನೂ ಲಾಭವಾಗಲಿಲ್ಲ. ಆಮೇಲೆ ಅಭಿಮಾನಿಗಳ ಪುಟದಲ್ಲಿ ಹುಡುಕಿದೆ, ಈ ಮುದುಕಿಯನ್ನು ಕಂಡವರು ಒಬ್ಬರೂ ಇರಲಿಲ್ಲ. ಅಷ್ಟು ಹೊತ್ತು ನಿಂತವರು ಇದ್ದರಲ್ಲವೆ ಕಾಣುವುದು.

ನನ್ನ ಕಣ್ಣು ಒದ್ದೆಯಾಯಿತು ಎಂದರೆ ನೀವು ನಗಬಹುದು, ನಗಿ. ದ್ವೀಪದಲ್ಲಿ ನಿಂತವನು ಸಾಯುತ್ತಿದ್ದ. ನಿಲ್ಲದಿರುವುದೇ ಅಲ್ಲಿಯ ಬುದ್ಧಿವಂತಿಕೆ. ಆ ದೊಡ್ಡ ದ್ವೀಪದಲ್ಲಿ ಒಂದೇ ಒಂದು ಬಾವಿ ತೋಡಲು ಪುರಸೊತ್ತಾಗಿದ್ದವರಿಗೆ ಈ ಸಣ್ಣ ಊರಿನಲ್ಲಿ ನಿಂತವರನ್ನು ನೋಡಲು ಪುರಸೊತ್ತಾಗಿದೆ. ಇಬ್ಬರೂ ಹಿಂಜರಿದು ನಿಲ್ಲಬಹುದು, ನಿಂತರೆ ಕೈ ಸೋಲುತ್ತದೆ, ಕೈ ಸೋತವರಿಗೆ ಬೈಯಬಾರದು, ಬಿಸಿಯಾಗಿ ಏನಾದರೂ ಕೊಡಬೇಕು ಎಂದು ಹಿಮದ ದೇಶದ ಯಾರೋ ಒಬ್ಬರು ಕೂತು ಯೋಚಿಸಿದ್ದಾರೆ. ಸಣ್ಣದನ್ನು ಮಾಡುವುದೆಂದರೆ ಕಡಿಮೆ ಮಾಡುವುದು ಎಂದು ನಾನೂ ಎಲ್ಲೋ ಒಳಗೆ ನಂಬಿದ್ದೆ. ಇವರು ಊರನ್ನು ಸಣ್ಣದು ಮಾಡಿ ಗಮನವನ್ನು ಹಾಗೇ ಉಳಿಸಿಕೊಂಡಿದ್ದರು. ಅವರ ವಿಳಾಸ ಗೊತ್ತಿದ್ದರೆ ಒಂದು ಚೀಲ ಕಡಲೆಕಾಯಿ ಕಳಿಸುತ್ತಿದ್ದೆ.

ಬಟ್ಟಲ ಹಬೆ ಆರುವವರೆಗೆ ಕಾದು, ನಾನು ಬಾಗಿಲಿಗೆ ಬೆನ್ನು ಮಾಡಿ ಹಿಂದೆ ಹಿಂದೆ ಹೆಜ್ಜೆಯಿಟ್ಟೆ. ಭಾರ ಹೊತ್ತು ಮೊದಲು ಒಳಗೆ ಹೋಗುವವನು ಹಿಮ್ಮುಖವಾಗಿಯೇ ಹೋಗಬೇಕು ಎಂಬುದು ಆಗ ತಿಳಿಯಿತು. ಅವನಿಗೆ ದಾರಿ ಕಾಣುವುದಿಲ್ಲ, ಎದುರಿನವರ ಮುಖ ಮಾತ್ರ ಕಾಣುತ್ತದೆ. ಬೀಗರ ಗುಂಡುಮುಖ ಎರಡು ಸಲ ತಲೆಯಾಡಿಸಿ ನನ್ನನ್ನು ಒಳಗೆ ನಡೆಸಿತು. ಇದರಲ್ಲಿ ಸಣ್ಣವನಾಗುವುದೇನಿದೆ ಎಂದು ಹುಡುಕಿದೆ, ಸಿಗಲಿಲ್ಲ.

ಸಂಜೆ ಹೆಂಡತಿಗೆ, "ನಾವೇ ಹೋಗಿ ಬಿಟ್ಟು ಬರಾನ," ಎಂದೆ. "ಕರಿಯಾಕೆ ಬರ್ದಂಗೆ ನಾವೇ ಹೋದ್ರೆ ಜನ ಏನಂದಾರು?" ಎಂದಳು. ಏನನ್ನುತ್ತಾರೋ ಗೊತ್ತಿಲ್ಲ ಎಂದೆ. ಅವಳು ಬಹಳ ಹೊತ್ತು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆಮೇಲೆ ಎದ್ದು ಕೊಬ್ಬರಿ, ಬೆಲ್ಲ, ಕುಪ್ಪಸದ ಬಟ್ಟೆ ಹುಡುಕತೊಡಗಿದಳು. ರೂಪಾಳ ಚೀಲ ಆಗಲೇ ತುಂಬಿತ್ತು, ಅದು ಯಾವಾಗಿನಿಂದ ತುಂಬಿತ್ತೋ ನಾನು ಕೇಳಲಿಲ್ಲ.

ಗಡಿಯಾಚೆಯ ನಮ್ಮೂರಿನಿಂದ ಪಾವಗಡದ ಮೇಲೆ ಹಾದು, ಅಂದರೆ ಕನ್ನಡದ ರಾಜ್ಯಕ್ಕೆ ಹೋಗಿ ಮತ್ತೆ ನಾವಿರುವ ತೆಲುಗು ರಾಜ್ಯಕ್ಕೇ ಬಂದು, ಕಲ್ಯಾಣದುರ್ಗ ದಾಟಿ, ಟೆಂಪೊದಲ್ಲಿ ತೊಟ್ಟಿಲ ಸಮೇತ ರಾಯದುರ್ಗ ಮುಟ್ಟಿದಾಗ ಹೊಲಿಗೆ ಯಂತ್ರಗಳು ನಡೆಯುತ್ತಿದ್ದವು. ನಮ್ಮನ್ನು ಕಂಡು ಒಂದೊಂದಾಗಿ ನಿಂತವು. ತಿಪ್ಪೇಸ್ವಾಮಿಯವರು ಹೊರಬಂದು, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು, ಮತ್ತೆ ಹೆಗಲಿಗೆ ಹಾಕಿ, "ಬರ್ರಿ ಬೀಗರ. ದಾರ್ಯಾಗ ಬಿಸಲು ಭಾಳ ಇತ್ತೇನ್ರಿ?" ಎಂದರು. "ಅಷ್ಟೇನಿಲ್ಲ ಬೀಗರೇ," ಎಂದೆ. ಟೆಂಪೊದಿಂದ ತೊಟ್ಟಿಲು ಇಳಿಸಿದೆವು. ತೇಗದ ತೊಟ್ಟಿಲು, ಒಂದು ತುದಿ ಅವರು, ಒಂದು ತುದಿ ನಾನು. ಬಾಗಿಲ ತನಕ ಚೆನ್ನಾಗಿಯೇ ಬಂದೆವು.

ಬಾಗಿಲಲ್ಲಿ ಅವರು ನಿಂತರು. "ನೀವು ಮುಂದ ನಡೀರಿ," ಎಂದರು. ಗೇಮಿನಲ್ಲಿ ಕಲಿತದ್ದು ಗೇಮಿನಲ್ಲೇ ಉಳಿದಿರಬೇಕು, "ಎಲ್ಲಾರ ಉಂಟಾ, ನೀವ್ ನಡೀರಿ," ಎಂದು ನನ್ನ ಬಾಯಿಂದಲೂ ಬಂತು. ಬೀಗಿತ್ತಿಯವರು ಆರತಿ ತಟ್ಟೆ ಹಿಡಿದು ಒಳಗಿನಿಂದ ನೋಡುತ್ತಿದ್ದರು. ಹೊಲಿಗೆಯವರು ಪ್ಯಾಂಟು ಕೈಯಲ್ಲೇ ಹಿಡಿದು ನೋಡುತ್ತಿದ್ದರು. ರೂಪಾ ಮಗುವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿ, ತೊಟ್ಟಿಲ ಪಕ್ಕದಲ್ಲಿದ್ದ ಇಷ್ಟು ಜಾಗದಲ್ಲಿ ಓರೆಯಾಗಿ ನುಸುಳಿ, ಬಲಗಾಲಿಟ್ಟು ಹೊಸ್ತಿಲು ದಾಟಿದಳು. ಅತ್ತೆ ಆರತಿ ಎತ್ತಿದರು, ದೃಷ್ಟಿ ತೆಗೆದರು. ಒಳಗಿನಿಂದ ಅವಳ ದನಿ ಕೇಳಿತು: "ನೀವಿಬ್ರೂ ನಿಧಾನಕ್ಕೆ ಬನ್ನಿ, ಅರ್ಜೆಂಟೇನಿಲ್ಲ." ಖಾಲಿ ತೊಟ್ಟಿಲು ಹಿಡಿದುಕೊಂಡು ನಾವು ಬೀದಿಯಲ್ಲಿ ನಿಂತಿದ್ದೆವು. ಆಗ ತಿಪ್ಪೇಸ್ವಾಮಿಯವರು ನನ್ನ ಮುಖ ನೋಡಿ ತಲೆಯಾಡಿಸಿ, ಬಾಗಿಲಿಗೆ ಬೆನ್ನು ಮಾಡಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು ತಮ್ಮದೇ ಮನೆಯನ್ನು ಹೊಕ್ಕರು. ಆ ದಿನ ಊಟದಲ್ಲಿ ನಾವು ಮಜ್ಜಿಗೆಯನ್ನು ಎರಡು ಸಲ ಹಾಕಿಸಿಕೊಂಡೆವು.

ಈಗ ನಮ್ಮ ನಡುಮನೆಯಲ್ಲಿ ತೊಟ್ಟಿಲಿದ್ದ ಜಾಗ ಖಾಲಿ. ಚಾರ್ಜಿನ ಗೋಡೆಗೆ ಒರಗಿ ಕಾಲು ಚಾಚಿದರೆ ಹೆಬ್ಬೆರಳು ಏನನ್ನೋ ಹುಡುಕುತ್ತದೆ, ಅದಕ್ಕೆ ಇನ್ನೂ ಅರ್ಥವಾಗಿಲ್ಲ. ಮಧ್ಯಾಹ್ನ ಸೊಪ್ಪಿನ ಕೆಲಸ ಮುಗಿಸಿ ಬಂದು ಕೂತರೆ ಸಣ್ಣ ಊರಿನ ಓಣಿಯಲ್ಲಿ ಬೀಗರು ಮೇಜಿನ ಒಂದು ತುದಿ ಹಿಡಿದು ಕಾಯುತ್ತಿರುತ್ತಾರೆ. ಮಾತಿಲ್ಲ. ನಾನು ಇನ್ನೊಂದು ತುದಿ ಎತ್ತುತ್ತೇನೆ. ಕೆಲವು ದಿನ ನಡುದಾರಿಯಲ್ಲಿ ಅವರು ನಿಂತುಬಿಡುತ್ತಾರೆ, ಆಗ ಅವರ ಕಡೆಯ ಮೇಜು ಮೆಲ್ಲಗೆ ಆಡತೊಡಗುತ್ತದೆ, ಈ ಕಡೆಗೊಮ್ಮೆ, ಆ ಕಡೆಗೊಮ್ಮೆ, ಒಂದೇ ಲಯದಲ್ಲಿ. ಫೋನು ಹಿಡಿದವರ ಕಾಲು ತೂಗುತ್ತಿದ್ದರೆ ಮಾತ್ರ ಹಾಗಾಗುತ್ತದೆ ಎಂದು ನನಗೆ ಗೊತ್ತು. ಬಟ್ಟಲು ತರುವ ಮುದುಕಿ ಬಂದು ಹೋಗುವವರೆಗೂ, ಹೋದ ಮೇಲೂ, ನಾನು ನನ್ನ ತುದಿಯನ್ನು ಅಲುಗದಂತೆ ಹಿಡಿದು ನಿಂತಿರುತ್ತೇನೆ, ಮೊಮ್ಮಗಳು ಅಲ್ಲಿ ನಿದ್ದೆ ಹೋಗುವ ತನಕ.